ಒಂದೇ ಹೋಟೆಲ್‌ಗೆ ಅರ್ಧ ಜನರ ಹೊಗಳಿಕೆ, ಅರ್ಧ ಜನರ ಬೈಗುಳ: ಯಾರನ್ನು ನಂಬುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದೂರದ ಪ್ರಯಾಣ ಇದೆ, ಜೊತೆಗೆ ಸಣ್ಣ ಮಗು, ವಯಸ್ಸಾದ ಅಮ್ಮ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಬೇಕು ಅಂದುಕೊಂಡಿರುವ ಹೋಟೆಲ್ ಬಗ್ಗೆ ಕೆಲವರು "ಊಟ ಸೂಪರ್, ಬಿಸಿಬಿಸಿ ಕೊಟ್ಟರು" ಅಂತ ಬರೆದಿದ್ದಾರೆ, ಕೆಲವರು "ಗಲೀಜು, ಮಾರನೇ ದಿನ ಹೊಟ್ಟೆ ಕೆಟ್ಟಿತು" ಅಂತ ಬರೆದಿದ್ದಾರೆ. ಯಾರ ಮಾತು ನಿಜ, ಅಲ್ಲಿ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ.

ಇಬ್ಬರ ಮಾತೂ ನಿಜ ಇರಬಹುದು. ನಾನು ಹೆದ್ದಾರಿ ಪಕ್ಕದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈಗಿನ ಕೆಲಸದಲ್ಲಿ ರಸ್ತೆಯ ಮೇಲೆ ಓಡಾಟವೇ ಜಾಸ್ತಿ, ಹಾಗಾಗಿ ಗಿರಾಕಿಯ ಕಡೆಯಿಂದಲೂ ಇದು ಗೊತ್ತು. ಒಂದೇ ಅಡುಗೆಮನೆ ಮಧ್ಯಾಹ್ನ ಒಂದು ಥರ ಇರುತ್ತದೆ, ಸಂಜೆ ನಾಲ್ಕಕ್ಕೆ ಇನ್ನೊಂದು ಥರ, ರಾತ್ರಿ ಹನ್ನೊಂದಕ್ಕೆ ಮತ್ತೊಂದು ಥರ. ಆದ್ದರಿಂದ ಯಾರು ಬರೆದರು ಅನ್ನುವುದಕ್ಕಿಂತ ಅವರು ಯಾವ ಹೊತ್ತಿಗೆ ಹೋಗಿದ್ದರು, ಏನು ತಿಂದರು ಅನ್ನುವುದನ್ನು ನೋಡಿ.

ಊಟದ ಹೊತ್ತಿಗೆ ಬಸ್ಸುಗಳು ಬಂದು ನಿಂತವು ಅಂದುಕೊಳ್ಳಿ. ಮಾಡಿದ ಅಡುಗೆ ಮಾಡಿದ ಹಾಗೇ ಖಾಲಿಯಾಗುತ್ತದೆ, ಒಲೆಯಿಂದ ಇಳಿಸಿದ ಅನ್ನ ಹತ್ತೇ ನಿಮಿಷದಲ್ಲಿ ತಟ್ಟೆಗೆ ಬರುತ್ತದೆ. ಅಂದರೆ ಅಡುಗೆ ತಾಜಾ. ಆದರೆ ಅದೇ ಹೊತ್ತಿನಲ್ಲಿ ತಟ್ಟೆ, ಲೋಟ, ಚಮಚ ತೊಳೆಯುವವರ ಮೇಲೆ ವಿಪರೀತ ಒತ್ತಡ ಇರುತ್ತದೆ, ಸೋಪಿನ ನೀರು ಬದಲಾಯಿಸಲು ಪುರುಸೊತ್ತಿರುವುದಿಲ್ಲ, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಟೇಬಲ್ ಒರೆಸುತ್ತಾರೆ, ಬಡಿಸುವ ಹುಡುಗ ಎಂಜಲು ತಟ್ಟೆ ಎತ್ತಿದ ಕೈಯಲ್ಲೇ ಇನ್ನೊಬ್ಬರ ಲೋಟದ ಬಾಯಿ ಹಿಡಿದು ತಂದಿಡುತ್ತಾನೆ. ರಶ್ ಇಳಿದ ಮೇಲೆ ಎಲ್ಲವೂ ತಿರುವುಮುರುವು. ಟೇಬಲ್ ಫಳಫಳ ಹೊಳೆಯುತ್ತದೆ, ನೆಲ ಒರೆಸಿರುತ್ತಾರೆ, ಹುಡುಗರು ನಗುನಗುತ್ತಾ ಮಾತಾಡಿಸುತ್ತಾರೆ. ಆದರೆ ಮಧ್ಯಾಹ್ನದ ಗ್ರೇವಿ ಪಾತ್ರೆಯಲ್ಲಿ ಉಗುರುಬೆಚ್ಚಗೆ ಕೂತಿರುತ್ತದೆ. ಮೊದಲ ಹೊತ್ತಿಗೆ ಹೋದವರು "ಗಲೀಜು, ಆದರೆ ಊಟ ಚೆನ್ನಾಗಿದೆ" ಅಂತ ಬರೆಯುತ್ತಾರೆ. ಎರಡನೇ ಹೊತ್ತಿಗೆ ಹೋದವರು "ಎಷ್ಟು ಕ್ಲೀನ್ ಇತ್ತು, ಆದರೂ ಹೊಟ್ಟೆ ಕೆಟ್ಟಿತು" ಅಂತ ಬರೆಯುತ್ತಾರೆ.

ಆ ಉಗುರುಬೆಚ್ಚಗಿನ ಪಾತ್ರೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೆ ಕೊಳಕು ಟೇಬಲ್‌ಗಿಂತ ಅದರ ಭಯ ಜಾಸ್ತಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ, ಒಂದಿದ್ದದ್ದು 4 ಗಂಟೆಯಲ್ಲಿ 4,096, 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಬೇಯಿಸಿದ ಆಹಾರವನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ, ಬಡಿಸುವ ತನಕ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಿ, ಬೇಯಿಸುವಾಗ ಒಳಭಾಗವೂ 70 ಡಿಗ್ರಿ ಮುಟ್ಟಲಿ ಅನ್ನುತ್ತದೆ. ಇದು ಅಡುಗೆಯವರಿಗೆ ಗೊತ್ತಿಲ್ಲ ಅಂತಲ್ಲ. ಉಳಿದದ್ದನ್ನು ಚೆಲ್ಲಲು ಮಾಲೀಕರು ಒಪ್ಪುವುದಿಲ್ಲ, ಒಲೆ ಉರಿಸಿಟ್ಟರೆ ಗ್ಯಾಸ್ ಖರ್ಚಾಗುತ್ತದೆ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ಎಷ್ಟೋ ಗಂಟೆ ಬೆಚ್ಚಗೇ ಇರುತ್ತದೆ, ಅದನ್ನು ಅಗಲದ ತಟ್ಟೆಗಳಿಗೆ ತೆಳ್ಳಗೆ ಹರಡಿ ತಣಿಸಬೇಕು. ಅಷ್ಟು ಜಾಗ, ಅಷ್ಟು ಜನ ಎಲ್ಲ ಕಡೆ ಇರುವುದಿಲ್ಲ.

ಬಿಸಿ ಮಾಡಿ ಕೊಟ್ಟರೆ ಸಾಕಲ್ವಾ ಅಂತ ಕೇಳಬಹುದು. ಎಲ್ಲದಕ್ಕೂ ಸಾಕಾಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಅನ್ನ ಹೊರಗೆ ಕೂತಾಗ ಅವು ಮೊಳೆತು ವಾಂತಿ ಬರಿಸುವ ವಿಷ ತಯಾರಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಡುಗೆಯವರ ಕೈಯ ಗಾಯದಿಂದ, ಮೂಗಿನಿಂದ ಬರುವ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದ ವಿಷವೂ ಹೀಗೇ, ಬಿಸಿ ಮಾಡಿದರೆ ಹೋಗುವುದಿಲ್ಲ. ಇಂಥ ಊಟಕ್ಕೆ ಕೆಟ್ಟ ವಾಸನೆ, ಕೆಟ್ಟ ರುಚಿ ಇರಲೇಬೇಕು ಅಂತೇನೂ ಇಲ್ಲ. ಹಾಗಾಗಿ "ರುಚಿ ಚೆನ್ನಾಗಿತ್ತು" ಅನ್ನುವ ಮಾತಿನಿಂದ ರುಚಿಯ ವಿಷಯ ಮಾತ್ರ ತಿಳಿಯುತ್ತದೆ.

ಇನ್ನು "ಹೊಟ್ಟೆ ಕೆಟ್ಟಿತು" ಅಂದವರ ಮಾತು. ಅವರ ನೋವು ನಿಜ. ಆದರೆ ಬೈಗುಳ ಸರಿಯಾದ ಹೋಟೆಲಿಗೇ ಹೋಗಿದೆಯಾ ಅನ್ನುವುದು ಬೇರೆ ಪ್ರಶ್ನೆ. ನಾವೆಲ್ಲ ಕೊನೆಗೆ ತಿಂದ ಊಟದ ಮೇಲೆ ತಪ್ಪು ಹೊರಿಸುತ್ತೇವೆ. ನಾನು ಮೇಲೆ ಹೇಳಿದ ವಿಷಗಳಿಂದ ಬರುವ ವಾಂತಿ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಶುರುವಾಗುತ್ತದೆ, ಅಲ್ಲಿ ಲೆಕ್ಕ ಸುಲಭ. ವಾಂತಿ, ಭೇದಿ ತರುವ ನೊರೊವೈರಸ್ ಆದರೆ 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 6 ಗಂಟೆಯಲ್ಲೂ ತೋರಿಸಬಹುದು, ದಿನಗಟ್ಟಲೆ ತಡವಾಗಿಯೂ ತೋರಿಸಬಹುದು. ಕ್ಯಾಂಪಿಲೊಬ್ಯಾಕ್ಟರ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ 2ರಿಂದ 5 ದಿನ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಎ ಅಂತೂ 15ರಿಂದ 50 ದಿನ, ಅಷ್ಟೊತ್ತಿಗೆ ಎಲ್ಲಿ ಏನು ತಿಂದೆವು ಅನ್ನುವುದೇ ಮರೆತಿರುತ್ತದೆ. ಪ್ರಯಾಣದಲ್ಲಿ ದಿನಕ್ಕೆ ಮೂರು ನಾಲ್ಕು ಕಡೆ ತಿನ್ನುವವರು ಕೊನೆಯ ಹೋಟೆಲನ್ನೇ ಬೈದರೆ ಅದು ತಪ್ಪಾಗುವ ಸಾಧ್ಯತೆ ಸಾಕಷ್ಟಿದೆ. ಹಾಗಾದರೆ ಯಾವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು? "ನಾವು ಐದು ಜನ, ಇಂಥ ಪದಾರ್ಥ ತಿಂದ ಮೂವರಿಗೂ ರಾತ್ರಿ ವಾಂತಿ, ತಿನ್ನದ ಇಬ್ಬರಿಗೆ ಏನೂ ಆಗಲಿಲ್ಲ" ಅಂತ ಯಾರಾದರೂ ಬರೆದಿದ್ದರೆ ಅದನ್ನು. ಅಂಥದ್ದು ಹತ್ತಿರ ಹತ್ತಿರದ ದಿನಗಳಲ್ಲಿ ಎರಡು ಕಂಡರೆ ನಾನು ಆ ಹೋಟೆಲ್ ಬಿಟ್ಟು ಮುಂದೆ ಹೋಗುತ್ತೇನೆ.

ಇದರ ಇನ್ನೊಂದು ಮಗ್ಗುಲು ನನಗೆ ಯಾವಾಗಲೂ ಬೇಸರ ತರಿಸುತ್ತದೆ. ಮನೆ ಹತ್ತಿರದ ಹೋಟೆಲಿನಲ್ಲಿ ಊಟ ಕೆಟ್ಟರೆ ನಾಳೆಯೇ ಹೋಗಿ ಜಗಳ ಆಡುತ್ತೀರಿ, ಗಿರಾಕಿ ತಪ್ಪುತ್ತದೆ, ಅವರು ತಿದ್ದಿಕೊಳ್ಳುತ್ತಾರೆ. ಹೆದ್ದಾರಿ ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ಮತ್ತೆ ಬರುವುದೇ ಇಲ್ಲ, ಹೊಟ್ಟೆ ಕೆಡುವ ಹೊತ್ತಿಗೆ ನೂರಾರು ಕಿಲೋಮೀಟರ್ ದಾಟಿರುತ್ತಾರೆ. ನಮ್ಮ ಅಡುಗೆಮನೆಗೆ "ನಿನ್ನೆ ನಿಮ್ಮಲ್ಲಿ ತಿಂದು ಹುಷಾರು ತಪ್ಪಿತು" ಅಂತ ಸುದ್ದಿ ಮುಟ್ಟುತ್ತಿದ್ದದ್ದು ತುಂಬಾ ಅಪರೂಪ. ಮುಟ್ಟಿದ್ದರೆ ಎಷ್ಟೋ ಸರಿಯಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಅಡುಗೆ ಮಾಡುವವರು ಕೆಟ್ಟವರೇನಲ್ಲ, ಹದಿನಾಲ್ಕು ಗಂಟೆ ನಿಂತು ದುಡಿಯುವ ಜನ. ಹೊಟ್ಟೆ ಸರಿಯಿಲ್ಲದಿದ್ದರೂ ಕೆಲವರು ಕೆಲಸಕ್ಕೆ ಬರುತ್ತಾರೆ, ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ನೊರೊವೈರಸ್ ಬಂದವರು ವಾಸಿಯಾದ ಮೇಲೂ ಕನಿಷ್ಠ 48 ಗಂಟೆ ಅಡುಗೆ ಮುಟ್ಟಬಾರದು ಅನ್ನುತ್ತಾರೆ. ಸಂಬಳ ಸಹಿತ ರಜೆ ಕೊಡದೆ ಇದು ಹೇಗೆ ಸಾಧ್ಯ, ಹೇಳಿ?

ಅಲ್ಲಿಗೆ ಹೋದ ಮೇಲೆ ಏನು ನೋಡುವುದು? ಗೋಡೆಯ ಬಣ್ಣ, ಹಳೇ ಕುರ್ಚಿ ಬಿಟ್ಟುಬಿಡಿ, ಅವುಗಳಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ನಾನು ಮೊದಲು ಕೈ ತೊಳೆಯುವ ಜಾಗಕ್ಕೆ, ಆಮೇಲೆ ಶೌಚಾಲಯಕ್ಕೆ ಹೋಗುತ್ತೇನೆ. ನೀರು ಬರುತ್ತಿದೆಯಾ, ಸೋಪು ಇದೆಯಾ? ಕೆಲಸದವರೂ ಎಷ್ಟೋ ಕಡೆ ಅದೇ ಶೌಚಾಲಯ ಬಳಸುತ್ತಾರೆ. ಅಲ್ಲಿ ಸೋಪು ಇಲ್ಲ ಅಂದರೆ ಅವರ ಕೈಗೂ ಸೋಪು ಇಲ್ಲ ಅಂತ ಲೆಕ್ಕ. ಆಮೇಲೆ ಗಲ್ಲಾದಲ್ಲಿ ದುಡ್ಡು ಎಣಿಸುವವರೇ ಬರಿಗೈಯಲ್ಲಿ ತಿಂಡಿ ಎತ್ತಿ ಕೊಡುತ್ತಿದ್ದಾರಾ ನೋಡುತ್ತೇನೆ. ಗ್ಲೌಸ್ ಹಾಕಿದ್ದಾರೆ ಅಂದ ತಕ್ಷಣ ಸಮಾಧಾನಪಡಬೇಡಿ, ಅದೇ ಗ್ಲೌಸಿನಲ್ಲಿ ದುಡ್ಡು, ಮೊಬೈಲ್, ಹಸಿ ಮಾಂಸ ಎಲ್ಲ ಮುಟ್ಟಿದರೆ ಏನು ಬಂತು? ಟೇಬಲ್ ಒರೆಸುವ ಬಟ್ಟೆ ಮೂಗಿಗೆ ವಾಸನೆ ಹೊಡೆಯುತ್ತಿದ್ದರೆ ಟೇಬಲ್ ಮೇಲೆ ಬಿದ್ದದ್ದನ್ನು ಎತ್ತಿ ಮಗುವಿನ ಬಾಯಿಗೆ ಹಾಕಬೇಡಿ. ಕರಿಯುವ ಎಣ್ಣೆ ಕಪ್ಪಗಾಗಿ, ನೊರೆ ಕಟ್ಟಿ, ಹೊಗೆ ಬರುತ್ತಿದ್ದರೆ ಅದನ್ನು ಪದೇ ಪದೇ ಬಳಸಿದ್ದಾರೆ ಅಂತ ಅರ್ಥ. ಅದರಲ್ಲಿ ಕರಿದದ್ದು ಅವತ್ತೇ ಹೊಟ್ಟೆ ಕೆಡಿಸದಿರಬಹುದು, ಆದರೂ ನಾನು ತಿನ್ನುವುದಿಲ್ಲ.

ಏನು ಆರ್ಡರ್ ಮಾಡುವುದು ಅನ್ನುವುದು ನಿಮ್ಮ ಕೈಯಲ್ಲೇ ಇದೆ, ಅದೇ ಒಳ್ಳೆಯ ಸುದ್ದಿ. ನೀವು ಕೇಳಿದ ಮೇಲೆ ಒಲೆ ಹತ್ತಿಸಿ ಮಾಡಬೇಕಾದದ್ದನ್ನು ತಗೊಳ್ಳಿ. ಮೊದಲೇ ಮಾಡಿಟ್ಟು ಬಿಸಿ ಮಾಡಿ ಕೊಡುವುದನ್ನು ಬಿಡಿ. "ಈಗ ಯಾವುದನ್ನು ಹೊಸದಾಗಿ ಮಾಡುತ್ತೀರಿ?" ಅಂತ ನೇರವಾಗಿ ಕೇಳಿ, ಹೆಚ್ಚಿನ ಸಪ್ಲೈಯರ್‌ಗಳು ನಿಜ ಹೇಳುತ್ತಾರೆ, ಅದರಲ್ಲೂ ಮಗು ಜೊತೆಗಿದ್ದರೆ. ಉದ್ದ ಮೆನು ನೋಡಿ ಮರುಳಾಗಬೇಡಿ, ಗಿರಾಕಿ ಕಡಿಮೆ ಇರುವ ಜಾಗದಲ್ಲಿ ನೂರು ಪದಾರ್ಥ ಇದ್ದರೆ ಹೆಚ್ಚಿನವು ಮೊದಲೇ ಮಾಡಿಟ್ಟವು ಇರಬಹುದು. ಅಕ್ಕಪಕ್ಕದ ಟೇಬಲ್‌ನವರು ಜಾಸ್ತಿ ತರಿಸಿಕೊಳ್ಳುತ್ತಿರುವುದೇ ಬೇಗ ಖರ್ಚಾಗುವ ಪದಾರ್ಥ. ಹಸಿ ತರಕಾರಿ, ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಪಾನೀಯ ಬೇಡ. ಐಸ್‌ನ ತಣ್ಣಗೆ ರೋಗಾಣು ಸಾಯುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತವೆ ಅಷ್ಟೇ. ಹಣ್ಣು ಬೇಕಾದರೆ ಇಡೀ ಹಣ್ಣು ತಂದು ನೀವೇ ತೊಳೆದು ಸಿಪ್ಪೆ ಸುಲಿದು ಕೊಡಿ. ಮೊಟ್ಟೆ, ಮಾಂಸ ಪೂರ್ತಿ ಬೆಂದಿರಬೇಕು, ಒಳಗೆ ಕೆಂಪಗೆ ಅಥವಾ ಲೋಳೆಯಾಗಿ ಇದ್ದರೆ ಸಂಕೋಚ ಬೇಡ, ವಾಪಸ್ ಕಳಿಸಿ. ಪಾರ್ಸೆಲ್ ಕಟ್ಟಿಸಿಕೊಂಡು ಕಾರಿನಲ್ಲಿ ಮೂರು ಗಂಟೆ ಇಟ್ಟು ತಿನ್ನುವುದಂತೂ ಬೇಡವೇ ಬೇಡ. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದು ಗಂಟೆಯೇ ಮಿತಿ, ಮುಚ್ಚಿದ ಕಾರು ಇನ್ನೂ ಬಿಸಿ.

ಮಗು ಮತ್ತು ಅಮ್ಮನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿಮಗೆ ಒಂದು ದಿನದ ಕಿರಿಕಿರಿ ಆಗುವ ಅದೇ ರೋಗಾಣು ಅವರನ್ನು ಆಸ್ಪತ್ರೆ ಸೇರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ, ಆ ಸಾವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳದ್ದು. ಬ್ಯಾಗಿನಲ್ಲಿ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪೊಟ್ಟಣ, ಒಂದು ಸೋಪು, ಸೀಲ್ ಇರುವ ಅಥವಾ ಕುದಿಸಿ ಆರಿಸಿದ ನೀರು ಇಟ್ಟುಕೊಳ್ಳಿ. ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ, ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆಯಬೇಕು. ಓಆರ್‌ಎಸ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಟೀ ಚಮಚದ ಮಟ್ಟಕ್ಕೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಅಳತೆ ಮೀರಬೇಡಿ, ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಅಳುವಾಗ ಕಣ್ಣೀರು ಬರದಿದ್ದರೆ, ಮಂಕಾಗಿ ಬಿದ್ದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಪ್ರಯಾಣ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಅಮ್ಮನಿಗೂ ಇದೇ ಲೆಕ್ಕ, ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಗುವಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ನಿಮ್ಮ ಹೋಟೆಲ್ ವಿಷಯಕ್ಕೆ ಬಂದರೆ, ಇತ್ತೀಚಿನ ತಿಂಗಳುಗಳಲ್ಲಿ ಜನ ಬರೆದದ್ದನ್ನು ಮಾತ್ರ ನೋಡಿ, ಅಡುಗೆಯವರು ಬದಲಾದರೆ ಹಳೇ ಮಾತಿಗೆ ಬೆಲೆ ಇಲ್ಲ. ಬೈದವರು ಟೇಬಲ್, ಶೌಚಾಲಯದ ಬಗ್ಗೆ ಮಾತ್ರ ಬೈದಿದ್ದರೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಿ, ಆಗ ಅಡುಗೆಯೂ ಹೊಸದು, ತಟ್ಟೆ ತೊಳೆಯುವವರಿಗೂ ಉಸಿರಾಡಲು ಸಮಯ ಇರುತ್ತದೆ. ಒಂದೇ ಪದಾರ್ಥ ತಿಂದ ಹಲವರಿಗೆ ಹುಷಾರು ತಪ್ಪಿದ್ದು ಕಂಡರೆ ಬೇರೆ ಜಾಗ ಹುಡುಕಿ. ಹೋಗಿ ಬಂದ ಮೇಲೆ ನೀವೂ ನಾಲ್ಕು ಸಾಲು ಬರೆಯಿರಿ, ಚೆನ್ನಾಗಿದ್ದರೂ ಸರಿ, ಕೆಟ್ಟಿದ್ದರೂ ಸರಿ: ಎಷ್ಟು ಗಂಟೆಗೆ ಹೋದಿರಿ, ಏನು ತಿಂದಿರಿ, ಎಷ್ಟು ಜನ ತಿಂದಿರಿ, ಯಾರಿಗೆ ಎಷ್ಟು ಹೊತ್ತಿನ ಮೇಲೆ ಏನಾಯಿತು. ಹೆಚ್ಚು ಕಡಿಮೆಯಾದರೆ ಹೋಟೆಲಿಗೂ ಒಂದು ಫೋನ್ ಮಾಡಿ, ಬಿಲ್ಲಿನ ಮೇಲೆ ನಂಬರ್ ಇರುತ್ತದೆ, ಅವತ್ತು ರಾತ್ರಿ ಅದೇ ಪಾತ್ರೆಯಿಂದ ಇನ್ನೊಬ್ಬರಿಗೆ ಬಡಿಸುವುದಾದರೂ ತಪ್ಪಬಹುದು.