ಟಿವಿ ರೆಕಾರ್ಡ್ ಮಾಡೋ ಕಂಪ್ಯೂಟರ್: ಗ್ರಾಫಿಕ್ಸ್ ಕಾರ್ಡ್ ಬಿಡಿ, ಮೊದಲು ಕೇಬಲ್ ನೋಡಿ

ಪ್ರಶ್ನೆ: ಆರೇಳು ವರ್ಷ ಹಳೆಯ ಡೆಸ್ಕ್‌ಟಾಪ್ ಒಂದು ಮನೆಯಲ್ಲಿ ಸುಮ್ನೆ ಕೂತಿದೆ. ಅದನ್ನು ಟಿವಿ ಪಕ್ಕ ಇಟ್ಟು, ಬೇಕಾದ ಕಾರ್ಯಕ್ರಮ ರೆಕಾರ್ಡ್ ಮಾಡಿ, ಒಳಗಿನ ಕೋಣೆಯ ಟಿವಿಯಲ್ಲೂ ಫೋನಿನಲ್ಲೂ ನೋಡಬೇಕು ಅಂತ ಆಸೆ. ಹೊಸ ಗ್ರಾಫಿಕ್ಸ್ ಕಾರ್ಡ್, ಜಾಸ್ತಿ ರ್‍ಯಾಮ್ ಹಾಕಿಸಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಟಿವಿ ರೆಕಾರ್ಡ್ ಮಾಡುವುದು ಕಂಪ್ಯೂಟರಿಗೆ ಭಾರದ ಕೆಲಸವೇ ಅಲ್ಲ. ಹಿಂದೆ ಅನಲಾಗ್ ಸಿಗ್ನಲ್ ಇದ್ದಾಗ ಚಿತ್ರವನ್ನು ಕಂಪ್ಯೂಟರಿನ ಕಡೆಯೇ ಡಿಜಿಟಲ್ ಮಾಡಿ ಕುಗ್ಗಿಸಬೇಕಿತ್ತು, ಅದಕ್ಕೆ ಪ್ರೊಸೆಸರ್ ಬೆವರುತ್ತಿತ್ತು. ಈಗ ಹಾಗಿಲ್ಲ. ಚಾನೆಲ್‌ನವರು ಎಂಪೆಗ್-2, ಎಚ್.264 ಇಂಥ ರೂಪದಲ್ಲಿ ಮೊದಲೇ ಕುಗ್ಗಿಸಿ ಕಳಿಸಿರುತ್ತಾರೆ. ಟ್ಯೂನರ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಟಿವಿ ಸಿಗ್ನಲ್ ಹಿಡಿಯುವ ಉಪಕರಣ, ಅದನ್ನು ಹಿಡಿದು ಕೊಡುತ್ತದೆ, ಕಂಪ್ಯೂಟರ್ ಇದ್ದ ಹಾಗೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ನಿಮ್ಮ ಹಳೇ ಡೆಸ್ಕ್‌ಟಾಪ್ ನಾಲ್ಕು ಚಾನೆಲ್ಲನ್ನು ಒಟ್ಟಿಗೆ ಬರೆದರೂ ಸುಸ್ತಾಗುವುದಿಲ್ಲ.

ನಿಜವಾಗಿ ನೋಡಬೇಕಾದ್ದು ಗೋಡೆಯಿಂದ ಬರುವ ಕೇಬಲ್ಲನ್ನು. ಅದರಲ್ಲಿ ಏನು ಬರುತ್ತಿದೆ ಅಂತ ತಿಳಿಯದೆ ಟ್ಯೂನರ್ ಕೊಳ್ಳುವುದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಡಿಜಿಟಲ್ ಟಿವಿ ಕಳಿಸುವ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಡಿವಿಬಿ ಎಂಬ ಪದ್ಧತಿ ಇರುವ ದೇಶಗಳಲ್ಲೇ ಆಂಟೆನಾಗೆ ಒಂದು ಬಗೆ, ಡಿಶ್‌ಗೆ ಒಂದು, ಕೇಬಲ್‌ಗೆ ಇನ್ನೊಂದು. ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ-ಟಿ. ಒಂದಕ್ಕೆ ಮಾಡಿದ ಟ್ಯೂನರ್ ಇನ್ನೊಂದಕ್ಕೆ ನಡೆಯುವುದಿಲ್ಲ. ಜನ ಜಾಸ್ತಿ ಎಡವುವುದು ಎಲ್ಲಿ ಅಂದರೆ, ಡಿವಿಬಿ-ಟಿ (ಆಂಟೆನಾದ ಹಳೆಯ ಬಗೆ) ಅಂತ ಮಾತ್ರ ಬರೆದಿರುವ ಅಗ್ಗದ ಯುಎಸ್‌ಬಿ ಟ್ಯೂನರ್ ಕಡ್ಡಿ ತಂದು, ಅದರ ಹೊಸ ಬಗೆಯಾದ ಡಿವಿಬಿ-ಟಿ2ನಲ್ಲಿ ಬರುವ ಚಾನೆಲ್ ಹುಡುಕುತ್ತಾ ಕೂರುತ್ತಾರೆ. ಅದು ಸಿಗುವುದೇ ಇಲ್ಲ.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ, ಕಾಸು ಖರ್ಚಿಲ್ಲ. ಸೆಟ್‌ಟಾಪ್ ಬಾಕ್ಸ್ ಬಿಚ್ಚಿಟ್ಟು ಕೇಬಲ್ಲನ್ನು ನೇರ ಟಿವಿಗೆ ಸಿಕ್ಕಿಸಿ, ಟಿವಿಯಲ್ಲೇ ಚಾನೆಲ್ ಸ್ಕ್ಯಾನ್ ಮಾಡಿ. ಡಿಶ್ ಆದರೆ ಟಿವಿಯಲ್ಲಿ ಸ್ಯಾಟಲೈಟ್ ಟ್ಯೂನರ್ ಇರಬೇಕು. ಕಾರ್ಡ್ ಏನೂ ಹಾಕದೆ ಯಾವ ಚಾನೆಲ್ ತೆರೆದುಕೊಂಡವೋ, ಕಂಪ್ಯೂಟರಿನಲ್ಲೂ ನೀವು ನಂಬಬಹುದಾದ ಪಟ್ಟಿ ಅದೇ. ಹೆಸರು ಬಂದು ಚಿತ್ರ ಬರದಿದ್ದರೆ ಬಹುತೇಕ ಬೀಗ ಹಾಕಿದ ಚಾನೆಲ್ ಅಂತಲೇ ಅರ್ಥ. ಅದಕ್ಕೆ ಆಪರೇಟರ್ ಕೊಡುವ ಕಾರ್ಡ್ ಬೇಕು, ಅದನ್ನು ಒಪ್ಪುವ ಟ್ಯೂನರ್ ಬೇಕು, ಮತ್ತು ಎಷ್ಟೋ ಆಪರೇಟರ್‌ಗಳು ಅವರದೇ ಬಾಕ್ಸ್ ಬಿಟ್ಟು ಬೇರೆ ಯಾವುದಕ್ಕೂ ಬಿಡುವುದಿಲ್ಲ. "ಹಾಗಾದ್ರೆ ಬಾಕ್ಸಿನ ಎಚ್‌ಡಿಎಂಐಗೆ ಕ್ಯಾಪ್ಚರ್ ಕಾರ್ಡ್ ಹಾಕಿದ್ರೆ?" ಅಂತ, ಅಂದರೆ ಬಾಕ್ಸಿನಿಂದ ಟಿವಿಗೆ ಹೋಗುವ ಚಿತ್ರವನ್ನೇ ಹಿಡಿದರೆ ಅಂತ, ಕೇಳುವವರಿದ್ದಾರೆ. ಎಚ್‌ಡಿಎಂಐ ತಂತಿಯ ಮೇಲೂ ಎಚ್‌ಡಿಸಿಪಿ ಎಂಬ ಕಾವಲಿದೆ. ಅಲ್ಲಿ ನಿಮಗೆ ಸಿಗುವುದು ಕಪ್ಪು ಪರದೆ. ನಿಮಗೆ ಬೇಕಾದ ಚಾನೆಲ್‌ಗಳು ಪೂರ್ತಿ ಈ ಗುಂಪಿನಲ್ಲೇ ಇದ್ದರೆ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ದುಡ್ಡು ಹಾಳು ಮಾಡಿಕೊಳ್ಳಬೇಡಿ.

ಉಚಿತ ಚಾನೆಲ್ ಸಾಕಷ್ಟು ಸಿಕ್ಕವು ಅಂದುಕೊಳ್ಳೋಣ. ಎಷ್ಟು ಟ್ಯೂನರ್ ಬೇಕು? ಒಂದು ಚಾನೆಲ್‌ಗೆ ಒಂದು ಅಂತ ಲೆಕ್ಕ ಹಾಕಬೇಡಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ಒಟ್ಟಿಗೆ ಬರುತ್ತವೆ, ಇದಕ್ಕೆ ಮಕ್ಸ್ ಅನ್ನುತ್ತಾರೆ. ಟಿವಿಹೆಡ್‌ಎಂಡ್‌ನಂಥ ತಂತ್ರಾಂಶ ಒಂದೇ ಟ್ಯೂನರಿನಿಂದ ಒಂದು ಮಕ್ಸಿನ ಎಲ್ಲ ಚಾನೆಲ್ ಬರೆದುಕೊಳ್ಳಬಲ್ಲದು. ಹೆಚ್ಚಿನ ಮನೆಗೆ ಎರಡು ಟ್ಯೂನರ್ ಸಾಕು. ಡಿಶ್ ಆದರೆ ಮಾತ್ರ ಹುಷಾರು: ಸಾಮಾನ್ಯ ಎಲ್‌ಎನ್‌ಬಿಗೆ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) 13 ಅಥವಾ 18 ವೋಲ್ಟ್ ಕೊಟ್ಟು ಯಾವ ಪೋಲರೈಸೇಷನ್, ಅಂದರೆ ಅಲೆ ಅಲುಗುವ ಯಾವ ದಿಕ್ಕು, ಬೇಕು ಅಂತ ಟ್ಯೂನರ್ ಹೇಳುತ್ತದೆ, ಆದ್ದರಿಂದ ಒಂದೇ ತಂತಿ ಹಂಚಿಕೊಂಡ ಎರಡು ಟ್ಯೂನರ್ ಒಂದಕ್ಕೊಂದು ಅಡ್ಡ ಬರುತ್ತವೆ. ಪ್ರತಿ ಟ್ಯೂನರಿಗೂ ಡಿಶ್‌ನಿಂದಲೇ ಬೇರೆ ತಂತಿ ಎಳೆಸಿ. ಇಲ್ಲವೆ ಒಂದೇ ತಂತಿಯಲ್ಲಿ ಹಲವು ಟ್ಯೂನರಿಗೆ ಕೊಡುವ ಯುನಿಕೇಬಲ್ ಎಲ್‌ಎನ್‌ಬಿ ಹಾಕಿಸಿ, ಜೊತೆಗೆ ಅದನ್ನು ಒಪ್ಪುವ ಟ್ಯೂನರ್ ತನ್ನಿ.

ಇನ್ನೊಂದು ಮಾತು. ಡೆಸ್ಕ್‌ಟಾಪನ್ನು ಟಿವಿ ಪಕ್ಕ ಇಡಬೇಡಿ. ನಾನು ಈ ವಿಷಯದಲ್ಲಿ ಹಟ ಹಿಡಿದೇ ಹೇಳುತ್ತೇನೆ. ರೆಕಾರ್ಡ್ ಮಾಡುವ ಯಂತ್ರ ಬೇರೆ, ತೋರಿಸುವ ಯಂತ್ರ ಬೇರೆ ಇರಲಿ. ಯಾರೋ ಸಿನಿಮಾ ಮುಗಿಸಿ ಎಲ್ಲಾ ಆಫ್ ಮಾಡಿ ಮಲಗುತ್ತಾರೆ, ರಾತ್ರಿಯ ರೆಕಾರ್ಡಿಂಗ್ ಹೋಯಿತು. ಪ್ಲೇಯರ್ ನಡುವೆ ನಿಂತುಹೋಯಿತು ಅಂತ ಯಾರೋ ರೀಸ್ಟಾರ್ಟ್ ಒತ್ತುತ್ತಾರೆ, ಅರ್ಧ ಪಂದ್ಯ ಹೋಯಿತು. ಡೆಸ್ಕ್‌ಟಾಪ್ ರೂಟರ್ ಪಕ್ಕ ಯಾವುದಾದರೂ ಮೂಲೆಯಲ್ಲಿ, ಯಾರ ಕೈಗೂ ಸಿಗದ ಹಾಗೆ ಇರಲಿ. ಆಂಟೆನಾ ತಂತಿ ಅಲ್ಲಿಗೆ ಬರದಿದ್ದರೆ ನೆಟ್‌ವರ್ಕ್ ಟ್ಯೂನರ್ ಅಂತ ಸಿಗುತ್ತದೆ. ತಂತಿ ಮನೆಯೊಳಗೆ ಬರುವ ಕಡೆಯೇ ಅದನ್ನು ಕೂರಿಸಿ, ಅಲ್ಲಿಂದ ಈಥರ್ನೆಟ್ ಎಳೆದರೆ ಆಯಿತು. ಟಿವಿಯ ಹತ್ತಿರ ಕೋಡಿ ಎಂಬ ವಿಡಿಯೊ ತೋರಿಸುವ ತಂತ್ರಾಂಶ ಓಡಿಸುವ ಚಿಕ್ಕ ಬಾಕ್ಸ್ ಸಾಕು, ಅದು ಸದ್ದೂ ಮಾಡುವುದಿಲ್ಲ.

ತಂತ್ರಾಂಶಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲಿನಕ್ಸ್ ಆದರೆ ಟಿವಿಹೆಡ್‌ಎಂಡ್, ವಿಂಡೋಸ್ ಆದರೆ ನೆಕ್ಸ್ಟ್‌ಪಿವಿಆರ್. ವಿಂಡೋಸ್ ಮೀಡಿಯಾ ಸೆಂಟರ್ ನಂಬಿಕೊಂಡಿದ್ದವರಿಗೆ ಅದು ವಿಂಡೋಸ್ 10ರಿಂದಲೇ ಇಲ್ಲ. ಡಿಸ್ಕಿನ ಲೆಕ್ಕ ಹೀಗೆ: ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಗಂಟೆಗೆ 450 ಎಂಬಿ. 8 ಮೆಗಾಬಿಟ್‌ನ ಎಚ್‌ಡಿ ಚಾನೆಲ್ ಗಂಟೆಗೆ 3.6 ಜಿಬಿ ನುಂಗುತ್ತದೆ, 1 ಟಿಬಿ ಡಿಸ್ಕಿನಲ್ಲಿ ಸುಮಾರು 275 ಗಂಟೆ ಹಿಡಿಯುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಐದು ನಿಮಿಷ, ಮುಗಿದ ಮೇಲೆ ಹತ್ತು ನಿಮಿಷ ಹೆಚ್ಚಿಗೆ ರೆಕಾರ್ಡ್ ಆಗುವ ಹಾಗೆ ಇಡಿ. ಪಂದ್ಯಗಳಿಗೆ ಒಂದು ಗಂಟೆಯೇ ಇರಲಿ.

ಪ್ರಶ್ನೆ: ಟಿವಿಹೆಡ್‌ಎಂಡ್ ಹಾಕಿದ್ದೇನೆ. ನೇರ ಟಿವಿಯಲ್ಲಿ ಚೆನ್ನಾಗಿ ಬರುವ ಚಾನೆಲ್, ರೆಕಾರ್ಡ್ ಮಾಡಿದರೆ ನಡುನಡುವೆ ಚೌಕಚೌಕವಾಗಿ ಒಡೆದುಹೋಗುತ್ತದೆ. ಬೂಸ್ಟರ್ ಹಾಕಿಸಲಾ?

ಉತ್ತರ: ತಡೆಯಿರಿ, ಮೊದಲು ತಪ್ಪು ಯಾವ ಕಡೆ ಇದೆ ಅಂತ ಗೊತ್ತಾಗಲಿ. ಟಿವಿಹೆಡ್‌ಎಂಡ್‌ನ ವೆಬ್ ಪುಟ ತೆರೆದು ಸ್ಟೇಟಸ್ ವಿಭಾಗ ನೋಡಿ. ಪುಟ 9981ನೇ ಪೋರ್ಟಿನಲ್ಲಿರುತ್ತದೆ. ಅಲ್ಲಿ ಎರಡು ಎಣಿಕೆ ಇವೆ, ಎರಡಕ್ಕೂ ಬೇರೆ ಬೇರೆ ಅರ್ಥ.

ಟಿವಿಯ ಹರಿವು 188 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳಾಗಿ ಬರುತ್ತದೆ. ಚಿತ್ರಕ್ಕೆ ಒಂದು ಸಾಲು, ಧ್ವನಿಗೆ ಒಂದು ಸಾಲು. ಒಂದೊಂದು ಸಾಲಿನ ಪ್ಯಾಕೆಟ್ ಮೇಲೂ 0ಯಿಂದ 15ರವರೆಗೆ ಸರದಿ ಸಂಖ್ಯೆ ಇರುತ್ತದೆ, 15 ಆದ ಮೇಲೆ ಮತ್ತೆ 0. ಏಳರ ನಂತರ ಒಂಬತ್ತು ಬಂದರೆ ಎಂಟು ಎಲ್ಲೋ ಕಳೆದಿದೆ ಅಂತಾಯಿತು. ಅದೇ ಕಂಟಿನ್ಯುಟಿ ಎರರ್. ಇನ್ನೊಂದು ಅನ್‌ಕರೆಕ್ಟೆಡ್ ಬ್ಲಾಕ್ಸ್. ಸಿಗ್ನಲ್ ಎಷ್ಟು ಕೆಟ್ಟಿದೆ ಅಂದರೆ ಟ್ಯೂನರಿಗೇ ತಿದ್ದಿಕೊಳ್ಳಲು ಆಗಲಿಲ್ಲ ಅಂತ ಅರ್ಥ.

ಅನ್‌ಕರೆಕ್ಟೆಡ್ ಏರುತ್ತಿದ್ದರೆ ತಂತಿಯ ಕಡೆ ಹೋಗಿ. ಸಡಿಲ ಕನೆಕ್ಟರ್, ನೀರು ಹೊಕ್ಕ ಕೇಬಲ್, ನಡುವೆ ಇಟ್ಟ ಸ್ಪ್ಲಿಟರ್. ಎರಡು ದಾರಿಯ ಸ್ಪ್ಲಿಟರ್ ಅಂದರೆ ಪ್ರತಿ ಕಡೆಗೂ ಸುಮಾರು 3.5 ಡಿಬಿ ನಷ್ಟ, ಅರ್ಧಕ್ಕಿಂತ ಕಮ್ಮಿ ಶಕ್ತಿ ಉಳಿಯುತ್ತದೆ. ನಿಮ್ಮ ಟಿವಿಗೆ ಅಷ್ಟು ಸಾಕಾಗಿ, ಟ್ಯೂನರಿಗೆ ಸಾಲದೆ ಇರಬಹುದು ಅಲ್ವಾ? ಬೂಸ್ಟರ್ ಹಾಕುವುದೇ ಆದರೆ ಆಂಟೆನಾ ಹತ್ತಿರ, ಸ್ಪ್ಲಿಟರಿಗೆ ಮುಂಚೆ ಹಾಕಿ. ಕಂಪ್ಯೂಟರ್ ಹತ್ತಿರ ಹಾಕಿದರೆ ದಾರಿಯಲ್ಲಿ ಸೇರಿದ ಗದ್ದಲವನ್ನೂ ಅದು ದೊಡ್ಡದು ಮಾಡುತ್ತದೆ. ಸಿಗ್ನಲ್ ಮೊದಲೇ ಜೋರಾಗಿದ್ದರೆ ಬೂಸ್ಟರಿನಿಂದ ಇನ್ನೂ ಹಾಳಾಗುತ್ತದೆ.

ಅನ್‌ಕರೆಕ್ಟೆಡ್ ಸೊನ್ನೆಯಲ್ಲೇ ನಿಂತು ಕಂಟಿನ್ಯುಟಿ ಮಾತ್ರ ಏರುತ್ತಿದ್ದರೆ ಆಂಟೆನಾ ಮುಟ್ಟಬೇಡಿ. ಪ್ಯಾಕೆಟ್ ಮನೆಯೊಳಗೇ ಕಳೆಯುತ್ತಿದೆ. ಯುಎಸ್‌ಬಿ ಹಬ್ ತೆಗೆದು ಟ್ಯೂನರನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಅದು ಕೈ ಸುಡುವಷ್ಟು ಬಿಸಿಯಾಗುತ್ತಿದೆಯಾ ನೋಡಿ. ನೆಟ್‌ವರ್ಕ್ ಟ್ಯೂನರ್ ಆದರೆ ವೈಫೈ ಬಿಟ್ಟು ತಂತಿ ಹಾಕಿ. ಚಾನೆಲ್ ಬದಲಿಸಿದಾಗ ಒಂದೆರಡು ಎರರ್ ಬಂದರೆ ಅದು ಸಹಜ.

ಪ್ರಶ್ನೆ: ಟಿವಿಯಲ್ಲಿ ನಯವಾಗಿ ಓಡುವ ರೆಕಾರ್ಡಿಂಗ್ ಫೋನಿನಲ್ಲಿ ತಡವರಿಸುತ್ತದೆ. ಊರಿಂದ ಹೊರಗಿದ್ದಾಗ ಅಂತೂ ಬರುವುದೇ ಇಲ್ಲ.

ಉತ್ತರ: ಪ್ರೊಸೆಸರಿಗೆ ಕೆಲಸ ಬರುವುದು ಇಲ್ಲಿ. ಎಂಪೆಗ್-2 ಚಿತ್ರವನ್ನು ಎಷ್ಟೋ ಫೋನು, ಬ್ರೌಸರುಗಳು ನೇರ ತೋರಿಸುವುದಿಲ್ಲ. 1080ಐ, 576ಐ ಅನ್ನುವವು ಒಂದು ಸಲ ಸಮ ಗೆರೆ, ಒಂದು ಸಲ ಬೆಸ ಗೆರೆ ಕಳಿಸುವ ಬಗೆ, ಅವನ್ನು ಹೆಣೆದು ಕೊಡದಿದ್ದರೆ ಓಡುವ ಮನುಷ್ಯನ ಅಂಚಿನಲ್ಲಿ ಬಾಚಣಿಗೆ ಹಲ್ಲು ಕಾಣುತ್ತದೆ. ಆದ್ದರಿಂದ ಕಂಪ್ಯೂಟರ್ ಆ ಕ್ಷಣದಲ್ಲೇ ಹೊಸದಾಗಿ ಎಚ್.264ಗೆ ಬದಲಿಸಿ ಕಳಿಸಬೇಕು. ಮನೆಯ ವಿಡಿಯೊಗಳನ್ನು ಬೇರೆ ಸಾಧನಗಳಿಗೆ ಕಳಿಸುವ ಜೆಲ್ಲಿಫಿನ್ ಎಂಬ ತಂತ್ರಾಂಶ ಇದನ್ನು ಚೆನ್ನಾಗಿ ಮಾಡುತ್ತದೆ, ಆದರೆ ಹಾರ್ಡ್‌ವೇರ್ ಆಕ್ಸೆಲರೇಷನ್, ಅಂದರೆ ಈ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ವಹಿಸುವ ಸೌಲಭ್ಯವನ್ನು, ನೀವೇ ಆನ್ ಮಾಡಬೇಕು. ಇಂಟೆಲ್ ಪ್ರೊಸೆಸರಿನಲ್ಲಿ ಒಳಗೇ ಗ್ರಾಫಿಕ್ಸ್ ಇದ್ದರೆ ಕ್ವಿಕ್ ಸಿಂಕ್ ಆರಿಸಿ. 2011ರಿಂದಲೇ ಅದು ಬರುತ್ತಿದೆ, ಬೇರೆ ಕಾರ್ಡ್ ಬೇಡ.

ಹೊರಗಿನಿಂದ ನೋಡಲು ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಅಪ್‌ಲೋಡ್ 5 ಮೆಗಾಬಿಟ್ ಇದ್ದರೆ ಫೋನಿನ ಗುಣಮಟ್ಟವನ್ನು 3ಕ್ಕೆ ಇಳಿಸಿಡಿ. ಇನ್ನು, ರೂಟರಿನಲ್ಲಿ ಪೋರ್ಟ್ ತೆರೆದು ಇಡೀ ಲೋಕಕ್ಕೆ ಬಾಗಿಲು ಬಿಡಬೇಡಿ, ಅದರಲ್ಲೂ ಟಿವಿಹೆಡ್‌ಎಂಡ್‌ನ ಪುಟಕ್ಕೆ ಪಾಸ್‌ವರ್ಡ್ ಇಡದೆ. ಹೊರಗಿನ ಫೋನನ್ನು ಗುಟ್ಟಾದ ದಾರಿಯಲ್ಲಿ ಮನೆಯ ನೆಟ್‌ವರ್ಕಿಗೆ ಜೋಡಿಸುವ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಳ್ಳಿ. ಅದಕ್ಕೆ ಅದರದ್ದೊಂದು ಪೋರ್ಟ್ ಸಾಕು, ನಿಮ್ಮ ಬೀಗದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಫೋನಿನಲ್ಲಿ ವಿಪಿಎನ್ ಆನ್ ಮಾಡಿ ಜೆಲ್ಲಿಫಿನ್ ತೆರೆದರೆ, ಎಲ್ಲೇ ಇದ್ದರೂ ಮನೆಯ ನೆಟ್‌ವರ್ಕಿನಲ್ಲೇ ಇದ್ದ ಹಾಗೆ ರೆಕಾರ್ಡಿಂಗ್ ಪಟ್ಟಿ ಬರುತ್ತದೆ.