ಆಪ್ತಸಲಹೆ ಪ್ರಕರಣ: ‘ನನ್ನ ಕೈಯಲ್ಲೇ ಮುರೀತು’

ಈ ಪ್ರಕರಣ ಬರೆಯಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಇದರಲ್ಲಿ ನಾನೂ ಒಂದು ತಪ್ಪು ಮಾಡಿದ್ದೆ. ಅದೇ ತಪ್ಪನ್ನು ನೆಂಟರು, ಕೆಲವೊಮ್ಮೆ ಡಾಕ್ಟರುಗಳೂ ಮಾಡುವುದನ್ನು ನೋಡುತ್ತಲೇ ಇದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ತೆಂಗಿನ ಸೀಮೆಯ ಕುಟುಂಬ. 11 ತಿಂಗಳ ಹೆಣ್ಣು ಮಗು. ಅಷ್ಟರಲ್ಲೇ ಮೂರು ಸಲ ಮೂಳೆ ಮುರಿದಿತ್ತು. ಕಣ್ಣಿನ ಬಿಳಿ ಭಾಗ ತಿಳಿ ನೀಲಿ. ಮಕ್ಕಳ ಡಾಕ್ಟರು ಇದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಹುಟ್ಟಿನಿಂದ ಬರುವ ಪೆಡಸು ಮೂಳೆ ಕಾಯಿಲೆ ಇರಬೇಕು ಎಂದು ಜೀನ್ ಪರೀಕ್ಷೆಗೆ ಮುಂಚೆ ಆಪ್ತಸಲಹೆಗೆಂದು ನನ್ನ ಹತ್ತಿರ ಕಳಿಸಿದ್ದರು. ಸುಮಾರು 15ರಿಂದ 20 ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುವ ಕಾಯಿಲೆ ಇದು.

ಗಂಡ ಹೆಂಡತಿಗೆ ಸೋದರಮಾವ. ಅದನ್ನು ಕೇಳಿದ ತಕ್ಷಣ ನನ್ನ ತಲೆಯಲ್ಲಿ ಉತ್ತರ ರೆಡಿಯಾಗಿತ್ತು. ‘ಸಂಬಂಧದಲ್ಲಿ ಮದುವೆಯಾದಾಗ ಇಂಥದ್ದು ಬರೋ ಸಾಧ್ಯತೆ ಜಾಸ್ತಿ’ ಅಂದುಬಿಟ್ಟೆ. ಮಾತು ಸುಳ್ಳಲ್ಲ. ಆದರೆ ರಿಪೋರ್ಟ್ ಬರುವ ಮುಂಚೆ ಆಡುವ ಮಾತೂ ಅಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನೋಡಿದೆ, ಅರ್ಥವಾಗಲಿಲ್ಲ.

ರಿಪೋರ್ಟ್ ಬಂದಾಗ ನನ್ನ ಅಂದಾಜು ತಪ್ಪಾಗಿತ್ತು. ದೋಷ ಇದ್ದದ್ದು ಸಿಒಎಲ್1ಎ1 ಎಂಬ ಜೀನಿನಲ್ಲಿ, ಅದರ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ. ಅಪ್ಪನ ರಕ್ತದಲ್ಲೂ ಇಲ್ಲ, ಅಮ್ಮನ ರಕ್ತದಲ್ಲೂ ಇಲ್ಲ. ಹೊಸದಾಗಿ ಹುಟ್ಟಿಕೊಂಡ ಬದಲಾವಣೆ. ಈ ಮಗುವಿನ ಕಾಯಿಲೆಗೂ ಸಂಬಂಧದ ಮದುವೆಗೂ ನಂಟೇ ಇರಲಿಲ್ಲ.

ಎರಡನೇ ಸಲ ಕೂತಾಗ ಮೊದಲು ಇದನ್ನೇ ಹೇಳಿದೆ. ಗಂಡ ಹೆಂಡತಿಗೆ ಸ್ವಲ್ಪ ಹಗುರವಾಯಿತು. ಅಜ್ಜಿಯ ಮುಖ ಹಾಗೇ ಇತ್ತು. ‘ಏನಾದ್ರೂ ಕೇಳಬೇಕಾ ಅಜ್ಜಿ?’ ಅಂದೆ.

‘ಮದುವೆ ಮಾಡಿಸಿದ್ದು ನಾನೇ ಮೇಡಮ್ಮ. ಮಗೂಗೆ ಎರೀತಿದ್ದಾಗ ತೊಡೆ ಲಟಕ್ ಅಂದಿದ್ದೂ ನನ್ನ ಕೈಯಲ್ಲೇ. ಊರಲ್ಲಿ ಎಷ್ಟು ಮಕ್ಕಳಿಗೆ ಎರೆದಿಲ್ಲ ನಾನು? ಒಂದಕ್ಕೂ ಹಿಂಗಾಗಿರ್ಲಿಲ್ಲ.’

ಮಗುವಿಗೆ 40 ದಿನವಾಗಿದ್ದಾಗ ನಡೆದದ್ದು. ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ‘ಯಾರು ಹೊಡೆದಿರಿ?’ ಎಂದು ಕೇಳಿದ್ದರಂತೆ. ಅಂದಿನಿಂದ ಹತ್ತು ತಿಂಗಳು ಅಜ್ಜಿ ಮಗುವನ್ನು ಮುಟ್ಟಿಲ್ಲ. ಹೆಣ್ಣು ಮಗು ಅಂತ ಅಸಡ್ಡೆ ಎಂದೇ ಮನೆಯವರು ತಿಳಿದಿದ್ದರು. ‘ಅದಕ್ಕೇನಜ್ಜಿ ನೀನು ಎತ್ಕೊಳ್ದೇ ಇದ್ದಿದ್ದು?’ ಎಂದು ಮಗುವಿನ ತಾಯಿ ಅತ್ತೇಬಿಟ್ಟಳು.

‘ನಿಮ್ಮ ತಪ್ಪಿಲ್ಲ ಬಿಡಿ’ ಅಂತ ಹೇಳಿ ಕಳಿಸಬಹುದಿತ್ತು. ಓದು ಬಾರದವರಿಗೆ ಜೀವಕೋಶದ ಮಾತೆಲ್ಲ ಯಾಕೆ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದಾರೆ. ನನ್ನ ಅನುಭವ ಬೇರೆ. ಕಾರಣ ಹೇಳದೆ ಕೊಟ್ಟ ಸಮಾಧಾನ ಮುಂದಿನ ಹಬ್ಬಕ್ಕೆ ಬಂದ ನೆಂಟರ ಒಂದೇ ಮಾತಿಗೆ ಕರಗಿಹೋಗುತ್ತದೆ. ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ. ಹಗ್ಗ ಗೊತ್ತಿತ್ತು.

‘ಹಗ್ಗ ಹೊಸೆದಿದ್ದೀರಾ ಅಜ್ಜಿ?’

‘ಹೊಸೀದೆ ಇರ್ತೀವಾ? ನಾರಿನ ಮಧ್ಯೆನೇ ಬೆಳೆದೋಳು ನಾನು.’

ಮೂಳೆ ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎನ್ನುತ್ತೇವೆ. ಅವು ಮೊದಲು ಕೊಲಾಜನ್ ಎಂಬ ಹಗ್ಗ ಹೊಸೆಯುತ್ತವೆ. ಅದರ ಮೇಲೆ ಸುಣ್ಣದ ಅಂಶ ಕೂತು ಗಟ್ಟಿಯಾದರೆ ಮೂಳೆ. ಇದೂ ಮೂರೆಳೆ ಹಗ್ಗವೇ. ಪ್ರತಿ ಎಳೆಯೂ ಮಣಿ ಪೋಣಿಸಿದ ಹಾಗೆ. ಪ್ರತಿ ಮೂರನೇ ಮಣಿ ಗ್ಲೈಸಿನ್ ಎಂಬ ತೀರಾ ಚಿಕ್ಕ ಮಣಿಯೇ ಆಗಿರಬೇಕು. ಆಗಲೇ ಮೂರೂ ಎಳೆ ಬಿಗಿಯಾಗಿ ಸುತ್ತಿಕೊಳ್ಳುವುದು. ಈ ಮಗುವಿನ ಎಳೆಯಲ್ಲಿ ಒಂದು ಕಡೆ ಆ ಜಾಗದಲ್ಲಿ ದಪ್ಪ ಮಣಿ ಕೂತಿದೆ.

‘ಒಂದೆಳೆ ಕೆಟ್ಟರೆ ಹಗ್ಗವೇ ಹೋಯ್ತಲ್ಲ’ ಅಂದರು ಅಜ್ಜಿ.

ಸರಿಯಾಗಿ ಹೇಳಿದರು. ಮೂರೆಳೆಯಲ್ಲಿ ಎರಡು ಇದೇ ಜೀನಿನಿಂದ ಬರುತ್ತವೆ. ಜೀನಿನ ಒಂದು ಪ್ರತಿ ಸರಿ, ಇನ್ನೊಂದು ಕೆಟ್ಟದ್ದು. ಹಾಗಾಗಿ ನಾಲ್ಕು ಹಗ್ಗದಲ್ಲಿ ಮೂರಕ್ಕೆ ಕೆಟ್ಟ ಎಳೆ ಸೇರಿಕೊಳ್ಳುತ್ತದೆ. ಕೆಟ್ಟ ಪ್ರತಿ ಎಳೆಯನ್ನೇ ಮಾಡದೆ ಸುಮ್ನೆ ಇದ್ದಿದ್ದರೆ ಎಷ್ಟೋ ವಾಸಿ. ಹಗ್ಗ ಅರ್ಧಕ್ಕಿಳಿಯುತ್ತಿತ್ತು, ಇರುವಷ್ಟು ಸರಿಯಾಗಿರುತ್ತಿತ್ತು. ಈ ಕಾಯಿಲೆಯ ಹಗುರ ರೂಪ ಬರುವುದು ಹಾಗೆ.

ತೊಂದರೆ ಹಗ್ಗಕ್ಕೇ ನಿಲ್ಲುವುದಿಲ್ಲ. ಸರಿಯಾಗಿ ಸುತ್ತಿಕೊಳ್ಳದ ಎಳೆಗಳು ಕೋಶದೊಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ಅವನ್ನು ತೆಗೆದುಹಾಕುವುದರಲ್ಲೇ ಕಟ್ಟುವ ಕೋಶ ಬಸವಳಿಯುತ್ತದೆ. ಇತ್ತ ಹಳೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳ ಕೆಲಸ ಜೋರಾಗುತ್ತದೆ. ಸುಣ್ಣಕ್ಕೆ ಮಾತ್ರ ಕೊರತೆಯಿಲ್ಲ. ಕೆಟ್ಟ ಹಗ್ಗದ ನಡುವೆ ಅದು ಒತ್ತಾಗಿ ತುಂಬಿ ಮೂಳೆ ಸೀಮೆಸುಣ್ಣದ ಹಾಗೆ ಪೆಡಸಾಗುತ್ತದೆ. ಬಸುರಿಯಲ್ಲಿ ಹಾಲು ಕುಡಿಯಲಿಲ್ಲ, ರಾಗಿ ತಿನ್ನಲಿಲ್ಲ, ಗ್ರಹಣದ ದಿನ ಹೊರಗೆ ಬಂದಳು ಎಂದು ತಾಯಿಯನ್ನು ಬೈಯುವ ಎಲ್ಲರಿಗೂ ಇದನ್ನು ಕೂರಿಸಿ ಹೇಳಬೇಕು ಅನಿಸುತ್ತದೆ ನನಗೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇರೆ ಮಕ್ಕಳಿಗೆ ಬೇಕಾದಷ್ಟು ಇವರಿಗೂ ಬೇಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಹಗ್ಗ ಸರಿಹೋಗುವುದಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾದ್ರೆ ನಾನು ಎರೀದೆ ಇದ್ದಿದ್ರೂ ಮುರೀತಿತ್ತಾ?’

ಇದಕ್ಕೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ‘ಆ ದಿನ ಮುರಿದದ್ದು ನಿಮ್ಮ ಕೈಯಲ್ಲೇ ಅಜ್ಜಿ. ಇಲ್ಲಾಂದ್ರೆ ಬಟ್ಟೆ ಬದಲಿಸುವಾಗ ಅವಳಮ್ಮನ ಕೈಯಲ್ಲಿ ಮುರೀಬಹುದಿತ್ತು. ಉಳಿದ ಎರಡು ಸಲ ನೀವು ಹತ್ತಿರವೂ ಇರಲಿಲ್ಲ ಅಲ್ವಾ?’ ಅಂದೆ. ಕಾಲು ಜಗ್ಗಿ ನೀವುವುದು ಈ ಮಗುವಿಗೆ ಅಪಾಯ ಎಂಬುದನ್ನೂ ಹೇಳಿದೆ.

ಆಮೇಲೆ ನಾನು ಕೊಟ್ಟ ಸಲಹೆ ಅವರಿಗೆ ಆಶ್ಚರ್ಯ ತಂದಿತು: ನಾಳೆಯಿಂದ ನೀವೇ ಎತ್ತಿಕೊಳ್ಳಬೇಕು. ಕಂಕುಳಲ್ಲಿ ಕೈಹಾಕಿ ಎತ್ತಬೇಡಿ. ಒಂದು ಕೈ ಅಂಡಿನ ಕೆಳಗೆ, ಇನ್ನೊಂದು ತಲೆ, ಭುಜದ ಕೆಳಗೆ, ಬೆರಳು ಅಗಲಿಸಿ. ಬಟ್ಟೆ ಬದಲಿಸುವಾಗ ಕಾಲು ಹಿಡಿದು ಮೇಲೆತ್ತಬೇಡಿ. ಸ್ನಾನ ಮಾಡಿಸಿ, ನೀವಬೇಡಿ. ‘ಇಷ್ಟು ನಾಜೂಕಾದ ಮಗುವನ್ನು ಹತ್ತಿಯಲ್ಲಿಟ್ಟ ಹಾಗೆ ಮಲಗಿಸಿರೋದೇ ಮೇಲಲ್ವಾ?’ ಎಂದು ತಂದೆ ಕೇಳಿದರು. ಅಲ್ಲ. ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್ ಕೋಶಗಳು ಭಾರ ಬಿದ್ದಾಗ ಅದನ್ನು ಗ್ರಹಿಸಿ ಕಟ್ಟುವ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಸದಾ ಮಲಗಿಸಿದರೆ ಮೂಳೆ ಇನ್ನೂ ತೆಳುವಾಗುತ್ತದೆ. ಮಗು ಆಡಬೇಕು, ಹೊರಳಬೇಕು. ಹೇಗೆ ಎಂಬುದನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ.

ಈ ಕಾಯಿಲೆಗೆ ಡ್ರಿಪ್‌ನಲ್ಲಿ ಕೊಡುವ ಔಷಧಿಯ ಬಗ್ಗೆಯೂ ಹೇಳಿದೆ. 1998ರಲ್ಲಿ ಮಾಂಟ್ರಿಯಲ್‌ನ ಡಾಕ್ಟರುಗಳು 30 ಮಕ್ಕಳಿಗೆ ಪ್ಯಾಮಿಡ್ರೊನೇಟ್ ಕೊಟ್ಟ ಫಲಿತಾಂಶ ಪ್ರಕಟಿಸಿದ ಮೇಲೆ ಈ ಗುಂಪಿನ ಔಷಧಿಗಳು ಎಲ್ಲ ಕಡೆ ಬಳಕೆಗೆ ಬಂದವು. ಕರಗಿಸುವ ಕೋಶಗಳಿಗೆ ಇವು ಕಡಿವಾಣ ಹಾಕುತ್ತವೆ. ಹಗ್ಗ ರಿಪೇರಿ ಮಾಡುವುದಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ನೆರವು ಸಿಗುತ್ತದಾ ಎಂದು ಕೇಳಿ ನೋಡಿ ಎಂದೆ.

ಇನ್ನೊಂದು ಮಗುವಿನ ವಿಚಾರ. ರಕ್ತದಲ್ಲಿ ಕಾಣದಿದ್ದರೂ ತಂದೆಯ ಅಥವಾ ತಾಯಿಯ ಕೆಲವು ವೀರ್ಯಾಣು, ಅಂಡಾಣುಗಳಲ್ಲಿ ಈ ಬದಲಾವಣೆ ಇರಬಹುದು. ಸಾಧ್ಯತೆ ಕಡಿಮೆ, ಸೊನ್ನೆಯಲ್ಲ. ಬಸುರಿ ಗೊತ್ತಾದ ಕೂಡಲೇ ಬನ್ನಿ, 11 ವಾರದ ನಂತರ ಪರೀಕ್ಷೆ ಮಾಡಬಹುದು ಎಂದೆ. ಸಂಬಂಧದ ಮದುವೆಗೆ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಈ ಕಾಯಿಲೆಯ ಕೆಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಅಲ್ಲಿ ಸಂಬಂಧದ ಮದುವೆಯ ಪಾತ್ರ ನಿಜ. ಯಾವ ಬಗೆ ಎಂದು ರಿಪೋರ್ಟ್ ಹೇಳಬೇಕು. ನಾನಲ್ಲ, ನೆಂಟರಲ್ಲ.

ಏಳು ತಿಂಗಳಾದ ಮೇಲೆ ಮಗುವಿನ ತಾಯಿ ಫೋನ್ ಮಾಡಿದ್ದಳು. ಮತ್ತೆ ಕೈ ಮುರಿದಿತ್ತು. ಆಗ ಮಗು ಅಜ್ಜಿಯ ತೊಡೆಯ ಮೇಲೇ ಇತ್ತಂತೆ. ಅಜ್ಜಿ ರಟ್ಟಿನ ತುಂಡಿಟ್ಟು ಮೆತ್ತಗೆ ಬಟ್ಟೆ ಸುತ್ತಿ, ಕೈ ಅಲುಗಾಡದ ಹಾಗೆ ಹಿಡಿದುಕೊಂಡು ಬಸ್ಸಿನಲ್ಲಿ ಆಸ್ಪತ್ರೆವರೆಗೂ ಬಂದರಂತೆ. ಮಾರನೇ ದಿನ ಬೆಳಗ್ಗೆ ಪಟ್ಟಿ ನೆನೆಯದ ಹಾಗೆ ಬಿಸಿನೀರಿನ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿದ್ದೂ ಅವರೇ.