ಪಂಪ್ ಬಿಚ್ಚಿಸುವ ಮುನ್ನ ಡೀಸೆಲ್ ಯಾವಾಗ ಸೋರುತ್ತದೆ ಎಂದು ನೋಡಿ

ಅಡಿಕೆ ಸಾಲಿನ ನಡುವೆ ಓಡಿಸುವ ಸಣ್ಣ ಡೀಸೆಲ್ ಟ್ರ್ಯಾಕ್ಟರ್, ಕೆಲವು ದಿನ ಬೆಳಗ್ಗೆ ಶೆಡ್ಡಿನ ನೆಲದ ಮೇಲೆ ಡೀಸೆಲ್ ಬಿದ್ದಿರುತ್ತದೆ, ಕೆಲವು ದಿನ ಒಂದು ಹನಿಯೂ ಇರುವುದಿಲ್ಲ ಎಂದಿದ್ದೀರಿ. ಡೀಸೆಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಕಳಿಸುವ ಇಂಜೆಕ್ಷನ್ ಪಂಪನ್ನು ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಈಗಲೇ ಒಪ್ಪಬೇಡಿ. ಪಂಪಿನೊಳಗೆ ಮೇಲೆ ಕೆಳಗೆ ಆಡುವ ದಂಡಕ್ಕೂ (ಪ್ಲಂಜರ್) ಅದು ಕೂರುವ ಕೊಳವೆಗೂ (ಬ್ಯಾರಲ್) ನಡುವೆ ಇರುವ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಅದನ್ನು ಧೂಳಿನ ಶೆಡ್ಡಿನಲ್ಲಿ ಬಿಚ್ಚಿದರೆ ಇಲ್ಲದ ತೊಂದರೆಯನ್ನು ಕರೆದು ತಂದಂತಾಗುತ್ತದೆ.

ಡೀಸೆಲ್ ಪೆಟ್ರೋಲಿನಂತೆ ಬೇಗ ಆರಿಹೋಗುವುದಿಲ್ಲ. ಎಲ್ಲೋ ಮೇಲೆ ಒಸರಿದ್ದು ಪೈಪಿನ ಗುಂಟ, ಬ್ಲಾಕಿನ ಅಂಚಿನ ಗುಂಟ ಇಳಿದು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಹನಿಯುತ್ತದೆ. ಫ್ಯಾನಿನ ಗಾಳಿ ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಪಂಪ್ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಸೋರುತ್ತಿರುವುದು ಪಂಪೇ ಎಂದು ಹೇಳಲಾಗದು. ಯಾವ ಹೊತ್ತಿನಲ್ಲಿ ಸೋರುತ್ತದೆ ಎಂಬುದನ್ನು ಮೊದಲು ಗಮನಿಸಿ.

ಟ್ಯಾಂಕ್ ಮೇಲಿದ್ದು, ಎಂಜಿನ್ ನಿಂತಿರುವಾಗಲೂ ಹನಿಯುತ್ತಿದ್ದರೆ ಕಾಕ್ (ಡೀಸೆಲ್ ನಿಲ್ಲಿಸುವ ನಲ್ಲಿ), ಫಿಲ್ಟರ್ ಬಟ್ಟಲಿನ ವಾಷರ್ ಮತ್ತು ಪಂಪಿನವರೆಗಿನ ರಬ್ಬರ್ ಪೈಪನ್ನು ಅನುಮಾನಿಸಬೇಕು. ಎಂಜಿನ್ ಓಡುವಾಗ ಮಾತ್ರ ಒದ್ದೆಯಾದರೆ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನ ನಟ್ಟುಗಳನ್ನೂ, ಇಂಜೆಕ್ಟರುಗಳ ತಲೆಯಿಂದ ತಲೆಗೆ ಹೋಗುವ ತೆಳ್ಳನೆಯ ರಿಟರ್ನ್ ಪೈಪನ್ನೂ (ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ಪೈಪ್) ನೋಡಿ. ನೂಲು ಹೊದಿಸಿದ ಆ ಪೈಪ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ತುದಿಯಲ್ಲಿ ಬಗ್ಗಿಸಿದಾಗಷ್ಟೇ ಒಳಗಿನ ರಬ್ಬರಿನ ಬಿರುಕು ಬಾಯಿ ತೆರೆಯುತ್ತದೆ.

ನಿಮ್ಮ ಹಾಗೆ ಒಂದು ದಿನ ಸೋರಿ ಒಂದು ದಿನ ಸೋರದಿದ್ದರೆ ನನ್ನ ಅನುಮಾನ ಟ್ಯಾಂಕಿನ ಮೇಲ್ಭಾಗದ ಮೇಲೆ. ನಮ್ಮ ಟ್ರ್ಯಾಕ್ಟರಿನಲ್ಲಿ ಆದದ್ದೂ ಅದೇ. ರಿಟರ್ನ್ ಪೈಪ್ ಟ್ಯಾಂಕಿನೊಳಗೆ ಹೋಗುವ ತೂತಿನ ರಬ್ಬರ್ ಬಿರುಸಾಗಿತ್ತು. ಅರ್ಧ ಟ್ಯಾಂಕ್ ಇದ್ದರೆ ಎಲ್ಲವೂ ಒಣಗಿರುತ್ತಿತ್ತು. ಬಾಯಿಮಟ್ಟ ತುಂಬಿಸಿ ಕೆಲಸ ಮಾಡಿದ ದಿನ ಮಾತ್ರ ಒಸರುತ್ತಿತ್ತು. ಕಾರಣವೂ ಇದೆ: ಇಪ್ಪತ್ತು ಲೀಟರ್ ಡೀಸೆಲ್ 15 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಬಿಸಿಲು, ಎಂಜಿನ್ನಿನ ಕಾವು, ಬಿಸಿಯಾಗಿ ಮರಳುವ ಡೀಸೆಲ್ ಎಲ್ಲ ಸೇರಿದರೆ ಅಷ್ಟು ಕಾವೇರುವುದು ಕಷ್ಟವಲ್ಲ. ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿದರಂತೂ ಡೀಸೆಲ್ ನೇರ ಆ ರಬ್ಬರಿನ ಬುಡಕ್ಕೇ ಬಂದು ನಿಲ್ಲುತ್ತದೆ. ನೀವೂ ಒಂದು ದಿನ ಪೂರ್ತಿ ತುಂಬಿಸಿ, ಇನ್ನೊಂದು ದಿನ ಅರ್ಧ ಮಾತ್ರ ತುಂಬಿಸಿ ನೋಡಿ.

ಹುಡುಕುವ ಮುನ್ನ ಎಂಜಿನ್ ತಣ್ಣಗಿರುವಾಗ ಎಲ್ಲ ಜಿಡ್ಡನ್ನೂ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಸಂದುಗಳ ಮೇಲೆಲ್ಲ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ. ಬಿಳಿ ಪುಡಿಯಲ್ಲಿ ಮೊದಲು ಸಾಸಿವೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ, ಅಲ್ಲಿಂದ ಕೆಳಕ್ಕೆ ಗೆರೆ ಎಳೆಯುತ್ತದೆ. ಆ ಗೆರೆಯ ತುದಿ ಹಿಡಿದು ಮೇಲಕ್ಕೆ ಹೋಗಿ.

ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ಹತ್ತಿರ ಬೆರಳು ಇಡಲೇಬೇಡಿ. ಅಲ್ಲಿ ನೂರು ಬಾರ್‌ಗೂ ಮೀರಿದ ಒತ್ತಡವಿರುತ್ತದೆ. ಕಣ್ಣಿಗೆ ಕಾಣದ ಎಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಗಾಯ ಸಣ್ಣದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಉದ್ದದ ರಟ್ಟಿನ ತುಂಡು ಹಿಡಿದು ನೋಡಿ. ಸೋರಿಕೆಯಿದ್ದರೆ ಅದರ ಮೇಲೆ ಒದ್ದೆ ಕಾಣುತ್ತದೆ.

ಸೋರುವುದು ಪೈಪಿನ ತುದಿಯನ್ನು ಹಿಡಿದಿಡುವ, ಡೀಸೆಲ್ ಹಾಯಲು ಒಳಗೆ ತೂತಿರುವ ಬೋಲ್ಟಿನ (ಬ್ಯಾಂಜೋ ಬೋಲ್ಟ್) ಬಳಿಯಾದರೆ ಬಲವಾಗಿ ಬಿಗಿದು ಪ್ರಯೋಜನವಿಲ್ಲ, ಬೋಲ್ಟ್ ತುಂಡಾಗಬಹುದು. ಅದರ ಎರಡೂ ಬದಿಯ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಿ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ: ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಏರಿದ್ದು, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬಂದರೆ ಸೋರಿಕೆ ಒಳಗೂ ಇದೆ. ಆಗ ಟ್ರ್ಯಾಕ್ಟರ್ ಓಡಿಸಲೇಬೇಡಿ, ಮೆಕ್ಯಾನಿಕ್ ಮಾತಿನಂತೆ ಪಂಪ್ ಬಿಚ್ಚಿಸಿ. ಆದರೆ ಶೆಡ್ಡಿನಲ್ಲಲ್ಲ, ಪಂಪ್ ಕ್ಯಾಲಿಬ್ರೇಷನ್ (ಪಂಪನ್ನು ಪರೀಕ್ಷಿಸಿ ಅಳತೆಗೆ ಹೊಂದಿಸುವ ಕೆಲಸ) ಮಾಡುವ ಅಂಗಡಿಯಲ್ಲಿ.